ಹ್ಯಾಮ್ಲೆಟ್‌ನ ತಾಯಿ 'ನೀವು' ಅಂದದ್ದು

ಶೇಕ್ಸ್‌ಪಿಯರ್‌ ನಾಟಕ ಓದುವಾಗ 'ದೌ' ಎಂಬ ಹಳೆಯ ಪದ ಎದುರಾದರೆ ನಾವು ಪಕ್ಕದಲ್ಲಿ 'ಯೂ' ಎಂದು ಗೀಚಿ ಮುಂದೆ ಹೋಗುತ್ತೇವೆ. ಹಳೆಯದಾದ್ದರಿಂದ ಅದು ಘನವಾದ ಮಾತು ಎಂಬ ನಂಬಿಕೆಯೂ ಇದೆ. ಆದರೆ 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ 'ನೀನು' ಪದಕ್ಕೆ ಕೊಟ್ಟಿರುವ ಅರ್ಥವೇ 'ದೌ'. ಸಲುಗೆ, ಅಧಿಕಾರ, ತಿರಸ್ಕಾರ ಮೂರಕ್ಕೂ ಒದಗುವ ಏಕವಚನ ಅದು. ಇಂಗ್ಲಿಷಿನಲ್ಲಿ ಸತ್ತ ಈ ಭೇದ ನಮ್ಮ ಕಿವಿಯಲ್ಲಿ ಇನ್ನೂ ಜೀವಂತ. ತುಳುವಿನ 'ಈ', 'ಈರ್' ಬಲ್ಲವರಿಗಂತೂ ವಿವರಣೆಯೇ ಬೇಡ.

ಈಗ 'ಹ್ಯಾಮ್ಲೆಟ್' ನಾಟಕದ 3ನೇ ಅಂಕದ 4ನೇ ದೃಶ್ಯ ನೋಡಿ. ಗರ್ಟ್ರೂಡ್ ಮಗನನ್ನು ಏಕವಚನದಲ್ಲಿ ಗದರಿಸುತ್ತಾಳೆ. ಅವನು ಅದೇ ಮಾತನ್ನು ಬಹುವಚನದಲ್ಲಿ ಅವಳಿಗೇ ತಿರುಗಿಸುತ್ತಾನೆ. ಕೂಡಲೇ ಅವಳೂ ಬಹುವಚನಕ್ಕೆ ಏರುತ್ತಾಳೆ. ಅದು ಗೌರವವಲ್ಲ, ಮುನಿಸು. ಜೀವಭಯ ಹುಟ್ಟಿದ ಕ್ಷಣ ಮತ್ತೆ ಏಕವಚನ. ಸಿಟ್ಟು ಬಂದಾಗ ಮಕ್ಕಳಿಗೆ 'ನೀವು ದೊಡ್ಡವರು, ನಿಮಗೆ ಹೇಳಲು ನಾವ್ಯಾರು' ಅನ್ನುವ ಅಮ್ಮಂದಿರನ್ನು ನಾವು ಕಾಣದವರೇ?

ಅನುವಾದಕರ ಕಷ್ಟ ಇರುವುದು ಮಗನ ಮಾತಿನಲ್ಲಿ. ಆ ಕಾಲದ ಇಂಗ್ಲಿಷಿನಲ್ಲಿ ತಾಯಿಗೆ ಬಹುವಚನ ವಾಡಿಕೆ. ನಮ್ಮ ಬಹುತೇಕ ಮನೆಗಳಲ್ಲಿ ಅಮ್ಮ 'ನೀನು'. ಹ್ಯಾಮ್ಲೆಟ್ ಬಾಯಲ್ಲಿ 'ನೀವು' ಇಟ್ಟರೆ ಮೂಲದಲ್ಲಿಲ್ಲದ ದೂರ ಬರುತ್ತದೆ, 'ನೀನು' ಇಟ್ಟರೆ ತಾಯಿಯ ಮುನಿಸಿನ ಮೆಟ್ಟಿಲೇ ಜಾರುತ್ತದೆ. ನಾನಾದರೆ ಮಗನಿಗೆ 'ನೀನು' ಕೊಟ್ಟು, ತಾಯಿಯ 'ನೀವು' ಮಾತ್ರ ಉಳಿಸಿಕೊಳ್ಳುತ್ತೇನೆ. ದೃಶ್ಯ ತಿರುಗುವುದು ಅಲ್ಲಿ.