ಕರುಳಿನ ಕ್ಯಾನ್ಸರ್: ಸ್ಕ್ಯಾನಿನ ಅಳತೆಯನ್ನು ಎಷ್ಟು ನೆಚ್ಚಬಹುದು?

ಗುದನಾಳದ ಕ್ಯಾನ್ಸರಿಗೆ ಯಾವ ಚಿಕಿತ್ಸೆ ಮೊದಲು ಎಂಬುದು ಬಹುಮಟ್ಟಿಗೆ ಎಂ.ಆರ್.ಐ. ಚಿತ್ರದಲ್ಲಿ ಕಾಣುವ ಒಂದು ಸಣ್ಣ ಅಂತರದ ಮೇಲೆ ನಿಂತಿದೆ. ಗುದನಾಳವನ್ನು ಸುತ್ತಿದ ಕೊಬ್ಬಿನ ಹೊರಗೆ ತೆಳುವಾದ ಪೊರೆಯೊಂದಿದೆ. ಶಸ್ತ್ರವೈದ್ಯರು ಕೊಯ್ಯುವುದು ಅದರ ಗುಂಟ. ಗಡ್ಡೆ ಆ ಪೊರೆಯಿಂದ 1 ಮಿ.ಮೀ.ಗಿಂತ ದೂರದಲ್ಲಿದ್ದರೆ ಅಂಚು ಸುರಕ್ಷಿತ ಎಂದು ಲೆಕ್ಕ. ಅಷ್ಟೂ ಜಾಗವಿಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ವಿಕಿರಣ ಮತ್ತು ಕೀಮೋ, ಆಮೇಲೆ ಆಪರೇಷನ್.

ಈ ಅಳತೆಗೆ ಗಟ್ಟಿ ಆಧಾರ ಒದಗಿಸಿದ್ದು 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮರ್ಕ್ಯುರಿ ಅಧ್ಯಯನ. ಯುರೋಪಿನ 408 ರೋಗಿಗಳಲ್ಲಿ, ಅಂಚು ಸ್ವಚ್ಛವಾಗಿ ಸಿಗುತ್ತದೆ ಎಂಬ ಮುನ್ನಂದಾಜಿನ ನಿರ್ದಿಷ್ಟತೆ ಶೇ. 92ರಷ್ಟಿತ್ತು. ಅದರ ಹಿಂದಿನ ಸಿದ್ಧತೆ ಸಣ್ಣದಲ್ಲ. ಭಾಗವಹಿಸಿದ ವೈದ್ಯರು ತರಬೇತಿ ಪಡೆದಿದ್ದರು. ಎಲ್ಲರೂ ಒಂದೇ ಕ್ರಮದಲ್ಲಿ, ತೆಳು ಪದರಗಳಲ್ಲಿ ಚಿತ್ರ ತೆಗೆದಿದ್ದರು. ಆ ಸಿದ್ಧತೆಯಿಲ್ಲದ ಕಡೆ ಶೇ. 92 ಎಂಬ ಅಂಕಿಯನ್ನು ಉಲ್ಲೇಖಿಸುವುದು ಸರಿಯಲ್ಲ.

ಇಬ್ಬರು ರೇಡಿಯಾಲಜಿಸ್ಟರು ಒಂದೇ ಚಿತ್ರ ನೋಡಿ ಎಷ್ಟು ಸಲ ಒಪ್ಪುತ್ತಾರೆ ಎಂಬುದನ್ನು ಅನೇಕ ಪ್ರಬಂಧಗಳು ಬರೀ ಶೇಕಡಾವಾರಿನಲ್ಲಿ ಹೇಳಿ ಮುಗಿಸುತ್ತವೆ. ಇದು ದಾರಿ ತಪ್ಪಿಸುವ ಲೆಕ್ಕ. ಇಬ್ಬರೂ ಚಿತ್ರವನ್ನು ನೋಡದೆಯೇ ನೂರರಲ್ಲಿ ತೊಂಬತ್ತು ಸಲ 'ಅಂಚು ಸ್ವಚ್ಛ' ಎಂದು ಬರೆದರೂ ಶೇ. 82ರಷ್ಟು ಒಮ್ಮತ ತಾನಾಗಿ ಬರುತ್ತದೆ. ಹಾಗಿರುವಾಗ ಶೇ. 85ರ ಒಮ್ಮತಕ್ಕೆ ಬೆಲೆ ಕಡಿಮೆ. ಆಕಸ್ಮಿಕ ಒಮ್ಮತವನ್ನು ಕಳೆದು ಉಳಿದದ್ದನ್ನು ಅಳೆಯಲು ಜೇಕಬ್ ಕೋಹೆನ್ 1960ರಲ್ಲಿ ರೂಪಿಸಿದ ಕಪ್ಪಾ ಸೂಚ್ಯಂಕದಲ್ಲಿ ಇದು ಸುಮಾರು 0.17, ಪೂರ್ಣ ಒಮ್ಮತವಾದರೆ 1. ಕಪ್ಪಾ ಕೊಡದ ಅಧ್ಯಯನವನ್ನು ಅನುಮಾನದಿಂದಲೇ ನೋಡಬೇಕು.

ನೋಡುವ ಕಣ್ಣು ಮತ್ತು ವಿಧಾನ ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂಬುದಕ್ಕೆ, ದೊಡ್ಡ ಕರುಳಿನ ಒಳಭಾಗವನ್ನು ಸಿ.ಟಿ. ಸ್ಕ್ಯಾನಿನಲ್ಲಿ ನೋಡುವ ಸಿ.ಟಿ. ಕೊಲೊನೋಗ್ರಫಿಯ ಚರಿತ್ರೆಯೇ ಸಾಕ್ಷಿ. 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಬೆಳವಣಿಗೆಗಳನ್ನು ಪತ್ತೆಹಚ್ಚುವಲ್ಲಿ 2003ರ ಅಮೆರಿಕದ ಅಧ್ಯಯನವೊಂದರಲ್ಲಿ ಸಿಕ್ಕ ಯಶಸ್ಸು ಸುಮಾರು ಶೇ. 94. ಮರುವರ್ಷ ಬೇರೆ ಆಸ್ಪತ್ರೆಗಳಲ್ಲಿ ಅದು ಶೇ. 55ಕ್ಕೆ ಕುಸಿಯಿತು. 2008ರಲ್ಲಿ, ತರಬೇತಿ ಪಡೆದವರೇ ಚಿತ್ರ ನೋಡಿದ 2,500ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಮತ್ತೆ ಶೇ. 90. ಇವುಗಳಲ್ಲಿ ಯಾವುದೋ ಒಂದನ್ನೇ ಆರಿಸಿ ತೋರಿಸುವ ಲೇಖನ ಓದುಗರಿಗೆ ಅನ್ಯಾಯ ಮಾಡುತ್ತದೆ.

ಚಿತ್ರಗಳನ್ನು ಕಂಪ್ಯೂಟರೇ ವಿಶ್ಲೇಷಿಸತೊಡಗಿದ ಮೇಲೂ ಈ ತೊಡಕು ಬಿಟ್ಟಿಲ್ಲ. ಗಡ್ಡೆಯ ಗಡಿಯನ್ನು ಹಲವು ಅಧ್ಯಯನಗಳಲ್ಲಿ ಈಗಲೂ ಕೈಯಿಂದಲೇ ಗುರುತಿಸುತ್ತಾರೆ. ಗಡಿ ತುಸು ಸರಿದರೆ ಯಂತ್ರ ಎಣಿಸುವ ಗುಣಲಕ್ಷಣಗಳೂ ಸರಿಯುತ್ತವೆ. ಒಂದೇ ಆಸ್ಪತ್ರೆಯ ಕೆಲವೇ ರೋಗಿಗಳ ಮೇಲೆ ನೂರಾರು ಗುಣಲಕ್ಷಣಗಳನ್ನು ಪರೀಕ್ಷಿಸಿದರೆ ಏನಾದರೊಂದು ಹೊಂದಿಕೆ ಸಿಕ್ಕೇ ಸಿಗುತ್ತದೆ.

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ರೋಗಿಗಳಿಗೆ ಇದು ದೂರದ ಚರ್ಚೆಯಲ್ಲ. ಮೊದಲ ಸ್ಕ್ಯಾನ್ ಹೊಸೂರು ಅಥವಾ ಕೃಷ್ಣಗಿರಿಯಲ್ಲಿ ಆಗಿ, ಚಿಕಿತ್ಸೆ ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿಯಲ್ಲೋ ಬೊಮ್ಮಸಂದ್ರದ ನಾರಾಯಣದಲ್ಲೋ ವೆಲ್ಲೂರಿನ ಸಿ.ಎಂ.ಸಿ.ಯಲ್ಲೋ ನಡೆಯಬಹುದು. ವಿಕಿರಣದ ನಂತರದ ಸ್ಕ್ಯಾನ್ ಬೇರೆ ಯಂತ್ರದಲ್ಲಿ, ಬೇರೆ ಕೋನದಲ್ಲಿ ಆದರೆ, ಗಡ್ಡೆ ಕುಗ್ಗಿತೋ ಅಳತೆಯೇ ಬದಲಾಯಿತೋ ಹೇಳುವುದು ಕಷ್ಟ. ದೊಡ್ಡ ಕವರಿನಲ್ಲಿರುವ ಫಿಲ್ಮಿನ ಮೇಲೆ ಮಿಲಿಮೀಟರಿನ ಮರುಅಳತೆಯನ್ನು ನೆಚ್ಚಲಾಗದು, ಸಿ.ಡಿ.ಯಲ್ಲಿ ಮೂಲ ಡೈಕಾಮ್ ಕಡತವಿದ್ದರೆ ಕಂಪ್ಯೂಟರಿನಲ್ಲಿ ಮತ್ತೆ ಅಳೆಯಬಹುದು. ಇಂಥ ಬೆರಕೆ ಚಿತ್ರಗಳನ್ನು ಒಟ್ಟುಗೂಡಿಸುವ ಸಂಶೋಧಕರು ಯಂತ್ರ, ಪದರದ ದಪ್ಪ ಮತ್ತು ಕೋನವನ್ನು ತಪ್ಪದೆ ದಾಖಲಿಸಬೇಕು.

ಇನ್ನೂ ದೊಡ್ಡ ಕೊರತೆ ಒಂದಿದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದ ಗುದನಾಳ ಕ್ಯಾನ್ಸರ್ ರೋಗಿಗಳಲ್ಲಿ ಕಿರಿಯರು ಹೆಚ್ಚು. ಲೋಳೆ ತುಂಬಿದ, ಉಂಗುರಾಕಾರದ ಕೋಶಗಳ ಗಡ್ಡೆಗಳೂ ಹೆಚ್ಚು. ಚಿಕಿತ್ಸೆಯ ನಂತರ ಉಳಿದ ಲೋಳೆ ಎಂ.ಆರ್.ಐ.ಯಲ್ಲಿ ಬೆಳ್ಳಗೆ ಹೊಳೆಯುತ್ತದೆ, ಅದರೊಳಗೆ ಜೀವಂತ ಕ್ಯಾನ್ಸರ್ ಕೋಶಗಳಿವೆಯೇ ಎಂದು ಚಿತ್ರ ಖಚಿತವಾಗಿ ಹೇಳದು. ಯುರೋಪಿನ ರೋಗಿಗಳಿಂದ ಬಂದ ನಿಖರತೆಯ ಅಂಕಿಗಳನ್ನು ಇವರಿಗೆ ಹಾಗೆಯೇ ಹೊಂದಿಸಲಾಗದು. ಇಲ್ಲಿನ ಆಸ್ಪತ್ರೆಗಳ ಚಿತ್ರಗಳನ್ನೇ ಇಬ್ಬರು ರೇಡಿಯಾಲಜಿಸ್ಟರು ಒಬ್ಬರ ವರದಿ ಇನ್ನೊಬ್ಬರಿಗೆ ತಿಳಿಯದಂತೆ ನೋಡಿ, ಆಪರೇಷನ್ ನಂತರದ ಪೆಥಾಲಜಿ ವರದಿಯೊಂದಿಗೆ ತಾಳೆ ಹಾಕಬೇಕು.