ಹಿಂಬಾಗಿಲಿನಿಂದ ಮರಳಿದ ಸೆಕ್ಷನ್ 8(4)

ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 10ರಂದು ನೀಡಿದ ತೀರ್ಪನ್ನು ಹೊಗಳುವವರು ಬಹಳ, ಕೊನೆಯವರೆಗೆ ಓದಿದವರು ಕಡಿಮೆ. ಎರಡು ವರ್ಷ ಅಥವಾ ಹೆಚ್ಚು ಜೈಲು ಶಿಕ್ಷೆಯಾದವರು ಬಿಡುಗಡೆಯಾಗಿ ಆರು ವರ್ಷ ಕಳೆಯುವವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ ಎನ್ನುತ್ತದೆ ಜನಪ್ರಾತಿನಿಧ್ಯ ಕಾಯ್ದೆ. ಆದರೆ ಅದೇ ಕಾಯ್ದೆಯ ಸೆಕ್ಷನ್ 8(4) ಹಾಲಿ ಸಂಸದರು, ಶಾಸಕರಿಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ ಸಾಕು, ಅದು ಇತ್ಯರ್ಥವಾಗುವವರೆಗೆ ಕುರ್ಚಿ ಭದ್ರ. ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಅವರಿದ್ದ ಇಬ್ಬರ ಪೀಠ ಇದನ್ನು ಕಿತ್ತುಹಾಕಿತು. ಆಯ್ಕೆಯಾಗುವುದಕ್ಕೂ ಸದಸ್ಯರಾಗಿ ಮುಂದುವರಿಯುವುದಕ್ಕೂ ಸಂವಿಧಾನದ 102ನೇ ವಿಧಿ ಹೇಳುವ ಅನರ್ಹತೆ ಒಂದೇ. ಅಭ್ಯರ್ಥಿಗೊಂದು, ಸದಸ್ಯನಿಗೊಂದು ಎಂದು ಸಂಸತ್ತು ಭೇದ ಮಾಡುವಂತಿಲ್ಲ. ವಾದವೇನೋ ಅಚ್ಚುಕಟ್ಟು. ಇದೇ ಸೆಕ್ಷನ್‌ನ ಉದ್ದೇಶವನ್ನು 2005ರ ಪ್ರಭಾಕರನ್ ಪ್ರಕರಣದಲ್ಲಿ ಐವರ ಪೀಠ ಸಮರ್ಥಿಸಿತ್ತು. ಅಲ್ಲಿ ಸಿಂಧುತ್ವದ ಪ್ರಶ್ನೆ ಎದ್ದಿರಲಿಲ್ಲವೆಂದು ಇಬ್ಬರು ಅದನ್ನು ಬದಿಗಿಟ್ಟರು. ದೊಡ್ಡ ಪೀಠಕ್ಕೆ ಒಪ್ಪಿಸಬೇಕಿತ್ತು ಎಂಬುದು ನನ್ನ ತಕರಾರು.

ಅದಕ್ಕಿಂತ ದೊಡ್ಡ ತೊಡಕು ತೀರ್ಪಿನ ಕೊನೆಯಲ್ಲಿದೆ. ದೋಷಿ ಎಂಬ ನಿರ್ಣಯಕ್ಕೇ ಮೇಲಿನ ಕೋರ್ಟು ತಡೆ ಕೊಟ್ಟರೆ ಅನರ್ಹತೆ ತಟ್ಟದು ಎಂದು ಪೀಠ ಒಪ್ಪಿತು. ಯಾವ ಯಾವ ಕಾರಣಕ್ಕೆ ತಡೆ ಕೊಡಬಹುದು ಎಂಬುದನ್ನು ಬಿಗಿಯಾಗಿ ಕಟ್ಟಿಕೊಡಲಿಲ್ಲ.

ಪರಿಣಾಮ ಲಕ್ಷದ್ವೀಪದಲ್ಲಿ ಕಂಡಿತು. ಸಂಸದ ಮೊಹಮ್ಮದ್ ಫೈಜಲ್ ಅವರಿಗೆ 2023ರ ಜನವರಿಯಲ್ಲಿ ಕೊಲೆಯತ್ನದ ಪ್ರಕರಣದಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು. ಚುನಾವಣಾ ಆಯೋಗ ಉಪಚುನಾವಣೆಯನ್ನೂ ಘೋಷಿಸಿತು. ಅಷ್ಟರಲ್ಲಿ ಕೇರಳ ಹೈಕೋರ್ಟಿನ ತಡೆ ಬಂತು. ಕೊಟ್ಟ ಕಾರಣಗಳಲ್ಲೊಂದು, ಅಲ್ಪಾವಧಿಗಾಗಿ ನಡೆಯುವ ಚುನಾವಣೆಯ ಖರ್ಚು! ಸುಪ್ರೀಂ ಕೋರ್ಟ್ ಆ ಆದೇಶ ರದ್ದುಪಡಿಸಿ ಹೊಸದಾಗಿ ವಿಚಾರಿಸಲು ಹೇಳಿತು. ಹೈಕೋರ್ಟ್ ಈ ಬಾರಿ ತಡೆ ನಿರಾಕರಿಸಿದಾಗ, ಸದಸ್ಯತ್ವ ಉಳಿಸಿದ್ದೂ ಸುಪ್ರೀಂ ಕೋರ್ಟೇ.

ಅದೇ ವರ್ಷ, ಕೋಲಾರದಲ್ಲಿ 2019ರಲ್ಲಿ ಮಾಡಿದ ಭಾಷಣಕ್ಕೆ ಸೂರತ್‌ನ ನ್ಯಾಯಾಲಯ ರಾಹುಲ್ ಗಾಂಧಿ ಅವರಿಗೆ ಎರಡು ವರ್ಷ ವಿಧಿಸಿತು. ಮಾನಹಾನಿಗೆ ಅದು ಗರಿಷ್ಠ ಶಿಕ್ಷೆ. ಒಂದು ದಿನ ಕಡಿಮೆಯಾಗಿದ್ದರೂ ಸ್ಥಾನ ಹೋಗುತ್ತಿರಲಿಲ್ಲ, ಗರಿಷ್ಠವೇ ಯಾಕೆ ಎಂಬುದಕ್ಕೆ ಕಾರಣ ಕೊಟ್ಟಿಲ್ಲ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 4ರಂದು ತಡೆ ನೀಡಿತು. ಇಷ್ಟಕ್ಕೇ ನಿಂತಿದ್ದರೆ ಆದೇಶ ಗಟ್ಟಿಯಾಗಿರುತ್ತಿತ್ತು. ಆದರೆ ಆರಿಸಿ ಕಳಿಸಿದ ಮತದಾರರ ಹಕ್ಕನ್ನೂ ಅದು ಲೆಕ್ಕಕ್ಕೆ ತಂದುಕೊಂಡಿತು. ಈ ವಾದ ಹೂಡಲು ಬರುವುದು ಈಗಾಗಲೇ ಗೆದ್ದು ಕೂತವರಿಗೆ ಮಾತ್ರ.

ಗೆಲ್ಲದವರ ಪಾಡು ಹಾರ್ದಿಕ್ ಪಟೇಲ್ ಪ್ರಕರಣದಲ್ಲಿದೆ. 2018ರಲ್ಲಿ ದೊಂಬಿ ಪ್ರಕರಣದಲ್ಲಿ ಎರಡು ವರ್ಷ ಶಿಕ್ಷೆ. 2019ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನಿಂದ ತಡೆ ನಿರಾಕರಣೆ. ಲೋಕಸಭಾ ಚುನಾವಣೆ ಕೈತಪ್ಪಿತು. ಸುಪ್ರೀಂ ಕೋರ್ಟಿನ ತಡೆ ಸಿಕ್ಕಿದ್ದು 2022ರ ಏಪ್ರಿಲ್‌ನಲ್ಲಿ. ಅಭ್ಯರ್ಥಿಗೂ ಸದಸ್ಯನಿಗೂ ನಡುವೆ ಲಿಲಿ ಥಾಮಸ್ ತೀರ್ಪು ಅಳಿಸಿದ ಗೆರೆ ತಡೆಯಾಜ್ಞೆಗಳ ಮೂಲಕ ಮತ್ತೆ ಮೂಡಿದೆ. ಮೊದಲು ಅದು ಕಾಯ್ದೆಯಲ್ಲಿ ಬರೆದಿತ್ತು, ಈಗ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಒಳ್ಳೆಯ ವಕೀಲರಿದ್ದವರಿಗೆ ಹೆಚ್ಚು ಅನುಕೂಲ.

ಮೇಲ್ಮನವಿಯನ್ನೇ ಬೇಗ ಮುಗಿಸಿದರೆ ತಡೆಯ ರಗಳೆ ಬಹುಪಾಲು ಇರದು. ಅದು ಸಾಧ್ಯವೆಂದು ಬೆಂಗಳೂರಿನಲ್ಲೇ ಕಂಡಿದ್ದೇವೆ. 2014ರ ಸೆಪ್ಟೆಂಬರ್ 27ರಂದು ಶಿಕ್ಷೆಗೊಳಗಾದ ಜಯಲಲಿತಾ ಅವರ ಮೇಲ್ಮನವಿಗೆ ಸುಪ್ರೀಂ ಕೋರ್ಟ್ ಗಡುವು ಹಾಕಿತು. ಕರ್ನಾಟಕ ಹೈಕೋರ್ಟ್ 2015ರ ಮೇ 11ರಂದು ತೀರ್ಪು ಕೊಟ್ಟು ಖುಲಾಸೆ ಮಾಡಿತು. ಗಡುವು ಹಾಕಿದ ಕೋರ್ಟು ತನಗೆ ಮಾತ್ರ ಗಡುವು ಹಾಕಿಕೊಳ್ಳಲಿಲ್ಲ. ಆ ಖುಲಾಸೆ ತಪ್ಪೆಂದು ಅದು ಹೇಳಿದ್ದು 2017ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾಗಿ, 2016ರ ಚುನಾವಣೆಯನ್ನೂ ಗೆದ್ದು, ತೀರಿಕೊಂಡಿದ್ದರು.