ಬೇಲಿಯ ಜಗಳ, ಒಳಮನೆಯ ಮಾತು

ಕೆಲವು ಪುಸ್ತಕಗಳು ಓದುವಾಗ ನಗಿಸುತ್ತವೆ. ಮುಗಿಸಿ ಮಡಚಿಟ್ಟ ಮೇಲೆ, ಹಾಗೆ ನಕ್ಕದ್ದು ಸರಿಯೇ ಎಂದು ಮನಸ್ಸು ಕೇಳತೊಡಗುತ್ತದೆ. ಪೋಲೆಂಡಿನ ಪತ್ರಕರ್ತ ರಿಷಾರ್ದ್ ಕಪುಶ್ಚಿನ್ಸ್ಕಿ, ಇಥಿಯೋಪಿಯದ ಕೊನೆಯ ಚಕ್ರವರ್ತಿ ಹೈಲೆ ಸೆಲಾಸಿಯ ಬಗ್ಗೆ ಬರೆದ ‘ದಿ ಎಂಪರರ್’ ನನ್ನ ಪಾಲಿಗೆ ಅಂಥ ಪುಸ್ತಕ. 1978ರಲ್ಲಿ ಪೋಲಿಷ್ ಭಾಷೆಯಲ್ಲಿ ಪ್ರಕಟವಾಗಿ 1983ರಲ್ಲಿ ಇಂಗ್ಲಿಷಿಗೆ ಬಂದದ್ದು. ಮಗಳು ಓದಿ ಬಿಟ್ಟುಹೋದ ಪ್ರತಿಯನ್ನು ನಾನು ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ದಿನಕ್ಕೆ ಹತ್ತು ಪುಟದಂತೆ ಓದಿದೆ.

ಪದಚ್ಯುತನಾದ ಚಕ್ರವರ್ತಿಯ ಹಳೆಯ ಸೇವಕರನ್ನು ಗುಟ್ಟಾಗಿ ಕಂಡು, ಅವರ ಬಾಯಿಂದಲೇ ಅರಮನೆಯ ಕಥೆ ಹೇಳಿಸಿದ ಪುಸ್ತಕ ಇದು. ಚಕ್ರವರ್ತಿ ಕುಳ್ಳಗಿನ ಮನುಷ್ಯ. ಎತ್ತರದ ಸಿಂಹಾಸನದಲ್ಲಿ ಕೂತಾಗ ಕಾಲು ನೆಲಕ್ಕೆ ಎಟುಕದೆ ತೂಗಾಡಿದರೆ ಮರ್ಯಾದೆಯೇನು? ಅದಕ್ಕೆಂದು ಪಾದದಡಿ ದಿಂಬು ಇಡುವುದೇ ಒಬ್ಬನ ಉದ್ಯೋಗ. ಚಕ್ರವರ್ತಿಯ ಮುದ್ದಿನ ನಾಯಿ ದೊಡ್ಡಮನುಷ್ಯರ ಬೂಟಿನ ಮೇಲೆ ಉಚ್ಚೆ ಹೊಯ್ದರೆ ಬಟ್ಟೆ ಹಿಡಿದು ಒರೆಸುವುದು ಇನ್ನೊಬ್ಬನ ಉದ್ಯೋಗ. ಬೂಟಿನ ಒಡೆಯ ಮಾತ್ರ ಕಾಲು ಹಿಂದಕ್ಕೆಳೆಯುವಂತಿಲ್ಲ. ನಾನು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಅತ್ತೆ ಒಳಗಿನಿಂದ “ಏನಾಯ್ತೇ?” ಎಂದು ಕೇಳಿದರು.

ನಗು ಇಳಿದ ಮೇಲೆ ಅನುಮಾನ ಶುರುವಾಯಿತು. ಕಥೆ ಹೇಳುವವರಿಗೆ ಹೆಸರಿಲ್ಲ, ಬರೀ ಇನಿಷಿಯಲ್‌ಗಳು. ದಿಂಬಿನವನೂ ಮಂತ್ರಿಯ ಕಡೆಯವನೂ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಮಾತಾಡುತ್ತಾರೆ. ಈ ಚಕ್ರವರ್ತಿ ಓದುತ್ತಿರಲಿಲ್ಲ, ಬರೆಯುತ್ತಿರಲಿಲ್ಲ, ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು ಎನ್ನುತ್ತದೆ ಪುಸ್ತಕ. ಆದರೆ ಇದೇ ಮನುಷ್ಯ ಫ್ರೆಂಚ್ ಬಲ್ಲವನು. ದೇಶ ಬಿಟ್ಟು ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿದ್ದಾಗ, 1937ರಲ್ಲಿ, ತನ್ನ ಆತ್ಮಕಥೆ ಬರೆಸಿದವನು. ಇಥಿಯೋಪಿಯವನ್ನು ಬಲ್ಲ ವಿದ್ವಾಂಸರು ಇಂಥ ತಪ್ಪುಗಳನ್ನು ಎತ್ತಿ ತೋರಿಸಿದ್ದಾರೆ. ಪೋಲೆಂಡಿನ ಓದುಗರು ಈ ಅರಮನೆಯಲ್ಲಿ ತಮ್ಮದೇ ಕಮ್ಯುನಿಸ್ಟ್ ನಾಯಕರ ದರಬಾರನ್ನು ಕಂಡರು. ಅಣಕವಾಗಿ ಅದು ಸೊಗಸು, ಒಪ್ಪೋಣ. ಆದರೆ ಆ ಮನುಷ್ಯ ನಲವತ್ತು ಐವತ್ತು ವರ್ಷ ಮಾಡಿದ್ದೇನು, ಅದರಲ್ಲಿ ಹದಗೆಟ್ಟದ್ದು ಎಲ್ಲಿ ಎಂದು ಕೇಳಿದರೆ ದಿಂಬು ಮತ್ತು ನಾಯಿಯ ಕಥೆ ಉತ್ತರ ಕೊಡುವುದಿಲ್ಲ.

ನನಗೆ ಈ ಪ್ರಶ್ನೆ ದೂರದ್ದೆಂದು ಅನಿಸಲೇ ಇಲ್ಲ. ಏಕೆಂದರೆ ನನ್ನ ಅಜ್ಜನನ್ನು ನಾನು ಬಲ್ಲೆ.

ಅಜ್ಜ ನಮ್ಮ ಊರಿನ ಪಂಚಾಯ್ತಿಕೆಯ ಯಜಮಾನ. ತೋಟದ ಬೇಲಿ ಸರಿಸಿದ ತಕರಾರು, ನೀರಿನ ಸರದಿ, ಅಣ್ಣತಮ್ಮಂದಿರ ಪಾಲು, ಏನಿದ್ದರೂ ನಮ್ಮ ಜಗಲಿಗೆ ಬರುತ್ತಿತ್ತು. ಜಗಳವಾಡಿ ಬಂದವರು ಒಂದೇ ತಟ್ಟೆಯ ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದರು. ನನ್ನ ಅಮ್ಮನನ್ನು ಏಳನೇ ಇಯತ್ತೆಯವರೆಗೆ ಓದಿಸಿದವರೂ ಅಜ್ಜನೇ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ “ನಾನು ಓದಿಸಿದೆ” ಎಂಬ ಮಾತನ್ನು ಅಮ್ಮ ಬದುಕಿಡೀ ಕೇಳಬೇಕಾಯಿತು. ಮುಂದೆ ಓದುತ್ತೀಯಾ ಎಂದಾಗಲಿ, ಈ ಗಂಡು ಒಪ್ಪಿಗೆಯೇ ಎಂದಾಗಲಿ ಅವಳನ್ನು ಯಾರೂ ಕೇಳಲಿಲ್ಲ. ಕೊಟ್ಟ ಕೈ ಯಾವುದೋ, ಸಾಕು ಎಂದು ನಿಲ್ಲಿಸಿದ ಕೈಯೂ ಅದೇ.

ಹೈಲೆ ಸೆಲಾಸಿಯ ಸುಧಾರಣೆಗಳ ಪಟ್ಟಿ ಓದುವಾಗ ನನಗೆ ಆ ಕೈ ನೆನಪಾಯಿತು. 1892ರಲ್ಲಿ ಹರಾರ್ ಸೀಮೆಯಲ್ಲಿ ಹುಟ್ಟಿದ ಆತನ ಮೊದಲ ಹೆಸರು ತಫಾರಿ ಮಕೊನ್ನೆನ್. 1916ರಲ್ಲಿ ಎರಡನೇ ಮೆನೆಲಿಕ್ ದೊರೆಯ ಮಗಳು ಜೌದಿತು ಪಟ್ಟವೇರಿದಾಗ ಆತ ರಾಜಪ್ರತಿನಿಧಿಯಾದ. 1923ರಲ್ಲಿ ದೇಶವನ್ನು ರಾಷ್ಟ್ರಸಂಘಕ್ಕೆ ಸೇರಿಸಿದ. ಗುಲಾಮಗಿರಿಯ ವಿರುದ್ಧ 1924ರಲ್ಲಿ ಶಾಸನ ಹೊರಡಿಸಿದ; ಅದು ಕಾನೂನಿನಲ್ಲಿ ಪೂರ್ತಿ ರದ್ದಾದದ್ದು 1942ರಲ್ಲಿ. 1925ರಲ್ಲಿ ತನ್ನ ಹೆಸರಿನ ಶಾಲೆ ತೆರೆದ. 1930ರಲ್ಲಿ ಜೌದಿತು ತೀರಿಕೊಂಡ ಮೇಲೆ ಚಕ್ರವರ್ತಿಯಾದ. ಮರುವರ್ಷವೇ ದೇಶಕ್ಕೆ ಮೊದಲ ಲಿಖಿತ ಸಂವಿಧಾನ ಬಂತು. ಅದೇ ವರ್ಷ ರಾಣಿ ಮೆನೆನ್ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆಯೂ ಶುರುವಾಯಿತು. 1955ರ ಹೊಸ ಸಂವಿಧಾನ ಗಂಡಸು ಹೆಂಗಸು ಎನ್ನದೆ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. 1957ರ ಚುನಾವಣೆಯಲ್ಲಿ ಸೆನೆಡು ಗೆಬ್ರು ಎಂಬ ಹೆಣ್ಣುಮಗಳು ಗೆದ್ದು ಸಂಸತ್ತಿಗೆ ಹೋದರು. ಇಟಲಿಯವರ ಸೆರೆಯಲ್ಲಿದ್ದು ಬಂದು, ರಾಣಿ ಮೆನೆನ್ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು ಅವರು. 1961ರಲ್ಲಿ ಚಕ್ರವರ್ತಿ ತನ್ನ ಒಂದು ಅರಮನೆಯನ್ನೇ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟ.

ಇದನ್ನೆಲ್ಲ ಬೊಗಸೆಯಲ್ಲಿ ಹಿಡಿದು ನೋಡಿದರೆ ದೊಡ್ಡದೇ. ಆದರೆ ಆತ್ಮಕಥೆ ಓದಿ ನೋಡಿ. ಅದರ ಹೆಸರೇ ‘ನನ್ನ ಬದುಕು ಮತ್ತು ಇಥಿಯೋಪಿಯದ ಪ್ರಗತಿ’ ಎಂಬ ಅರ್ಥದ್ದು. ಇವೆರಡೂ ಬೇರೆಯಾದೀತೆಂಬ ಸಂಶಯ ಬರೆದವನಿಗೆ ಇದ್ದಂತಿಲ್ಲ. ಪ್ರಜೆಗಳು ಕೇಳದಿದ್ದರೂ ತಾನೇ ಮನಸ್ಸು ಮಾಡಿ ಸಂವಿಧಾನ ದಯಪಾಲಿಸಿದೆ ಎಂಬ ಹೆಮ್ಮೆ ಅಲ್ಲಿ ಮಾತುಮಾತಿಗೂ ಕಾಣುತ್ತದೆ. ದಯಪಾಲಿಸಿದ್ದಕ್ಕೆ ತಕ್ಕಂತೆ ಕಟ್ಟುಗಳೂ ಇದ್ದವು. 1931ರ ಸಂಸತ್ತಿಗೆ ಜನ ಯಾರನ್ನೂ ಆರಿಸಲಿಲ್ಲ. 1957ರಲ್ಲಿ ಆರಿಸಿದರೂ ರಾಜಕೀಯ ಪಕ್ಷಗಳು ಇರಲಿಲ್ಲ. ಹೊಲ ಉಳುವ ಗೇಣಿದಾರನಿಗೆ ರಕ್ಷಣೆ ಕೊಡುವ ಮಸೂದೆ ಅದೇ ಸಂಸತ್ತಿನ ಜಮೀನ್ದಾರರ ನಡುವೆ ಸಿಕ್ಕಿ ಮುಂದೆ ಹೋಗಲೇ ಇಲ್ಲ. ಭೂಮಿ ಉಳುವವನಿಗೆ ಸೇರಲಿ ಎಂದು 1965ರಲ್ಲಿ ಬೀದಿಗಿಳಿದವರು ಆತ ಕಟ್ಟಿಸಿದ ವಿಶ್ವವಿದ್ಯಾಲಯದ ಮಕ್ಕಳೇ. ಓದಿಸಿದ ಮಗಳು ಎದುರು ನಿಂತು ಪ್ರಶ್ನೆ ಕೇಳಿದಾಗ ನಮ್ಮ ಅಜ್ಜನ ಮುಖ ಹೇಗಾಗುತ್ತಿತ್ತೋ, ಅರಮನೆಯ ಮುಖವೂ ಹಾಗೇ ಆಗಿರಬೇಕು.

ಇನ್ನು ಹೊರಗಿನ ಮಾತು. 1935ರ ಅಕ್ಟೋಬರಿನಲ್ಲಿ ಮುಸೊಲಿನಿಯ ಸೈನ್ಯ ಇಥಿಯೋಪಿಯದ ಮೇಲೆ ಬಿತ್ತು. ವಿಮಾನದಿಂದ ವಿಷದ ಅನಿಲ ಸುರಿಯಿತು. ದೇಶ ಬಿಟ್ಟು ಬಂದ ಚಕ್ರವರ್ತಿ 1936ರ ಜೂನ್ 30ರಂದು ಜಿನೀವಾದಲ್ಲಿ ರಾಷ್ಟ್ರಸಂಘದ ಎದುರು ನಿಂತ. ಇಟಲಿಯ ಪತ್ರಕರ್ತರು ಸಿಳ್ಳೆ ಹಾಕಿದರು. ಆತ ತನ್ನ ಅಂಹಾರಿಕ್ ಭಾಷೆಯಲ್ಲೇ ಮಾತಾಡಿ ಮುಗಿಸಿದ. ದೊಡ್ಡ ದೇಶಗಳು ಕೇಳಿಸಿಕೊಂಡು ಸುಮ್ಮನಾದವು. ದುರ್ಬಲನ ಮೇಲೆ ಬಿದ್ದ ಪೆಟ್ಟನ್ನು ಸಭೆಯೆಲ್ಲ ನೋಡುತ್ತ ಕೂತರೆ ಹೇಗಿರುತ್ತದೆಂದು ಆ ದಿನ ಆತನಿಗೆ ತಿಳಿದಿರಬೇಕು. 1941ರ ಮೇ 5ರಂದು ಆತ ರಾಜಧಾನಿಗೆ ಮರಳಿದ. ಇಟಲಿಯನ್ನು ಹೊರದಬ್ಬಿದ ಆ ಯುದ್ಧದಲ್ಲಿ, ಎರಿಟ್ರಿಯದ ಕೆರೆನ್ ಬೆಟ್ಟಗಳಲ್ಲಿ, ಭಾರತದ ಸೈನಿಕರೂ ಕಾದಾಡಿ ಸತ್ತಿದ್ದಾರೆ.

ಆ ನೋವಿನಿಂದಲೇ 1963 ಬಂತು ಎಂದು ನಾನು ನಂಬುತ್ತೇನೆ. ಹೊಸದಾಗಿ ಸ್ವತಂತ್ರವಾದ ಆಫ್ರಿಕದ ದೇಶಗಳು ಆಗ ಎರಡು ಬಣವಾಗಿದ್ದವು. ಘಾನಾದ ಎನ್‌ಕ್ರುಮಾ ಇಡೀ ಖಂಡಕ್ಕೆ ಒಂದೇ ಸರ್ಕಾರ ಬೇಕೆಂದರೆ, ಬಹಳ ಜನ ಮೆಲ್ಲಗೆ ಹೋಗೋಣ ಎನ್ನುತ್ತಿದ್ದರು. ಎರಡೂ ಕಡೆಯವರನ್ನು ಒಂದೇ ಕಡೆ ಕೂರಿಸಿದ್ದು ಹೈಲೆ ಸೆಲಾಸಿ ಮತ್ತು ಆತನ ವಿದೇಶಾಂಗ ಮಂತ್ರಿ ಕೆತೆಮಾ ಯಿಫ್ರು. ಮೇ 25ರಂದು ಅಡಿಸ್ ಅಬಾಬಾದಲ್ಲಿ ಆಫ್ರಿಕ ಏಕತಾ ಸಂಘಟನೆ ಹುಟ್ಟಿತು. 32 ದೇಶಗಳು ಅದರ ಸನದಿಗೆ ಸೇರಿದವು. ಅದೇ ವರ್ಷ ಅಲ್ಜೀರಿಯ ಮತ್ತು ಮೊರೊಕ್ಕೊ ಗಡಿಗಾಗಿ ಹೊಡೆದಾಡಿದಾಗ ಬಮಾಕೊದಲ್ಲಿ ನಡುವೆ ಕೂತು ಕದನ ನಿಲ್ಲಿಸಿದವರಲ್ಲಿ ಈತನೂ ಒಬ್ಬ. 1972ರಲ್ಲಿ ಸುಡಾನಿನ ಒಳಯುದ್ಧಕ್ಕೆ ರಾಜಿಯಾದದ್ದೂ ಅಡಿಸ್ ಅಬಾಬಾದಲ್ಲೇ. ಇದನ್ನೆಲ್ಲ ಕೇಳಿದಾಗ ನಮ್ಮ ಜಗಲಿಯ ಎಲೆಯಡಿಕೆ ತಟ್ಟೆ ಕಣ್ಣಿಗೆ ಕಟ್ಟುತ್ತದೆ.

ಆದರೆ ಆ ಸನದಿನಲ್ಲಿ ಒಂದು ಮಾತಿದೆ: ಒಂದು ದೇಶದ ಆಂತರಿಕ ವಿಷಯದಲ್ಲಿ ಇನ್ನೊಂದು ದೇಶ ಕೈಹಾಕಕೂಡದು. ಆಗತಾನೇ ವಸಾಹತು ದೊರೆಗಳನ್ನು ಹೊರಗೆ ಹಾಕಿದವರಿಗೆ ಅದು ಬೇಕೇ ಇತ್ತು. ಆದರೆ ಹೆಂಗಸರಾದ ನಾವು ಈ ಮಾತನ್ನು ಬೇರೆ ಕಡೆಯೂ ಕೇಳಿದ್ದೇವಲ್ಲ?

ನಮ್ಮ ಕೆಳಗಿನ ಮನೆಯ ಬೇಲಿ ತಕರಾರನ್ನು ಅಜ್ಜ ಎರಡು ಸಲ ತೀರಿಸಿದ್ದರು. ಅದೇ ಮನೆಯಿಂದ ರಾತ್ರಿ ಹೆಂಗಸಿನ ಅಳು ಕೇಳುತ್ತಿತ್ತು. ಒಂದು ದಿನ ಅಜ್ಜಿ ಊಟ ಬಡಿಸುತ್ತ ಕೇಳಿಯೇಬಿಟ್ಟಳು: “ಬೇಲಿ ಅಂದ್ರೆ ಓಡಿ ಹೋಗ್ತೀರಿ. ಅವಳಿಗೆ ಹೊಡೆಯೋದನ್ನ ಒಂದು ಮಾತು ಕೇಳೋಕಾಗಲ್ವಾ?” ಅಜ್ಜ ತಲೆಯೆತ್ತದೆ ಹೇಳಿದರು: “ಬೇಲಿ ಇಬ್ಬರದ್ದು. ಒಳಮನೆ ಅವನದ್ದು.” ಅಜ್ಜಿ ಮತ್ತೆ ಅನ್ನ ಬಡಿಸಲಿಲ್ಲ, ಅಜ್ಜನೂ ಕೇಳಲಿಲ್ಲ.

ಹೈಲೆ ಸೆಲಾಸಿಯ ಏಕತೆಯಲ್ಲಿದ್ದ ಬಿರುಕು ಇದೇ. 1952ರಿಂದ ಒಕ್ಕೂಟವಾಗಿ ಜೊತೆಗಿದ್ದ ಎರಿಟ್ರಿಯವನ್ನು ಆತ 1962ರ ನವೆಂಬರಿನಲ್ಲಿ ತನ್ನ ಒಂದು ಪ್ರಾಂತ್ಯವನ್ನಾಗಿ ಮಾಡಿಕೊಂಡ. ಆರು ತಿಂಗಳಿಗೆ ಇಡೀ ಖಂಡದ ನಾಯಕರು ಅವನ ಮನೆಗೆ ಬಂದು ಏಕತೆಯ ಸನದಿಗೆ ರುಜು ಹಾಕಿದರು. ಎರಿಟ್ರಿಯ ಮೂವತ್ತು ವರ್ಷ ಹೋರಾಡಿ 1993ರಲ್ಲಿ ಬೇರೆ ದೇಶವಾಯಿತು. ಸಂಘಟನೆಯ ಪಾಲಿಗೆ ಅದು ಒಳಮನೆಯ ಮಾತಾಗಿತ್ತು. 1972ರಿಂದ ವೊಲ್ಲೊ ಸೀಮೆಯಲ್ಲಿ ಬರ ಬಿದ್ದು ಹತ್ತಾರು ಸಾವಿರ ಜನ ಸತ್ತಾಗ ಸರ್ಕಾರ ಅದನ್ನು ಮುಚ್ಚಿಟ್ಟಿತು. 1973ರಲ್ಲಿ ಬ್ರಿಟಿಷ್ ಟೆಲಿವಿಷನ್ನಿನಲ್ಲಿ ಜೊನಾಥನ್ ಡಿಂಬಲ್ಬಿ ತೋರಿಸಿದ ಮೇಲೆಯೇ ಲೋಕಕ್ಕೆ ಗೊತ್ತಾದದ್ದು. ಅದೇ ಚಿತ್ರಕ್ಕೆ ಅರಮನೆಯ ಔತಣದ ದೃಶ್ಯಗಳನ್ನು ಸೇರಿಸಿ ಸೈನ್ಯದವರು ಇಥಿಯೋಪಿಯದ ಟೆಲಿವಿಷನ್ನಿನಲ್ಲಿ ತೋರಿಸಿದರು. ಮರುದಿನ, 1974ರ ಸೆಪ್ಟೆಂಬರ್ 12ರಂದು, ಆತನನ್ನು ಇಳಿಸಿ ಒಂದು ಸಣ್ಣ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಕೂರಿಸಿ ಕರೆದೊಯ್ದರು. ಮರುವರ್ಷ ಆತ ಸೆರೆಯಲ್ಲೇ ಸತ್ತ. ಅವನ ಮನೆಯ ಹೆಣ್ಣುಮಕ್ಕಳು ಹದಿನಾಲ್ಕು ವರ್ಷ ಜೈಲಿನಲ್ಲಿದ್ದರು. ಅವರಿಗಾಗಿಯೂ ಆ ಸಂಘಟನೆ ಬಾಗಿಲು ತಟ್ಟಲಿಲ್ಲ.

ಕಪುಶ್ಚಿನ್ಸ್ಕಿಯ ಪುಸ್ತಕ ಚಕ್ರವರ್ತಿಯನ್ನು ಹಂಗಿಸುತ್ತದೆ, ಆತ್ಮಕಥೆ ಮೆರೆಸುತ್ತದೆ. ಎರಡರಲ್ಲೂ ನಡುವೆ ಕೂತಿರುವವನು ಅವನೊಬ್ಬನೇ. ಈ ಒಳಮನೆಯ ಬಾಗಿಲು ತೆರೆದ ಪುಸ್ತಕ ನನಗೆ ಸಿಕ್ಕಿದ್ದು ಮೂರನೆಯದು. ಅಡಿಸ್ ಅಬಾಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮಾಜಾ ಮೆಂಗಿಸ್ತೆಯವರು 2019ರಲ್ಲಿ ಪ್ರಕಟಿಸಿದ ಕಾದಂಬರಿ ‘ದಿ ಶ್ಯಾಡೋ ಕಿಂಗ್’. ಇದರ ನಾಯಕಿ ಹಿರುತ್, ತಂದೆತಾಯಿ ಇಲ್ಲದ ಮನೆಗೆಲಸದ ಹುಡುಗಿ. ಅಪ್ಪ ಬಿಟ್ಟುಹೋದ ಒಂದು ಹಳೆಯ ಬಂದೂಕೇ ಅವಳ ಆಸ್ತಿ. ಇಟಲಿ ಬಂದಾಗ ಯುದ್ಧಕ್ಕೆಂದು ಯಜಮಾನ ಕಿದಾನೆ ಅದನ್ನು ಕಿತ್ತುಕೊಳ್ಳುತ್ತಾನೆ. ಚಕ್ರವರ್ತಿ ದೇಶ ಬಿಟ್ಟು ಹೋದ ಮೇಲೆ, ಅವನನ್ನೇ ಹೋಲುವ ಒಬ್ಬ ಬಡ ರೈತನಿಗೆ ರಾಜವೇಷ ಹಾಕಿ ಬೆಟ್ಟದ ಮೇಲೆ ನಿಲ್ಲಿಸುತ್ತಾರೆ, ಜನ ಧೈರ್ಯಗೆಡದಿರಲಿ ಎಂದು. ಆ ನೆರಳು ರಾಜನಿಗೆ ಕಾವಲಾಗಿ ನಿಲ್ಲುವವಳು ಹಿರುತ್. ದೇಶದ ಸ್ವಾತಂತ್ರ್ಯಕ್ಕಾಗಿ ಹಗಲೆಲ್ಲ ಹೋರಾಡುವ ಕಿದಾನೆ ರಾತ್ರಿ ಆ ಹುಡುಗಿಯ ಮೇಲೆ ಬೀಳುತ್ತಾನೆ. ಲೇಖಕಿ ಇದನ್ನು ಮುಚ್ಚುವುದಿಲ್ಲ. ಹಾಗೆಂದು ಆ ಹೋರಾಟ ಸುಳ್ಳು ಎಂದೂ ಹೇಳುವುದಿಲ್ಲ. ಇವೆರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟದ ಕೆಲಸ. ಅದಕ್ಕೇ ಈ ಪುಸ್ತಕ ನನಗೆ ಮೊದಲೆರಡಕ್ಕಿಂತ ದೊಡ್ಡದಾಗಿ ಕಂಡಿತು. ಒಂದೇ ತಕರಾರೆಂದರೆ ಭಾಷೆ ಅಲ್ಲಲ್ಲಿ ಬಲು ಅಲಂಕಾರ ತೊಟ್ಟು ನಿಲ್ಲುತ್ತದೆ. ಹಿರುತ್ ತಾನೇ ಹೇಳಿದ್ದರೆ ಇಷ್ಟು ಒಡವೆ ಹಾಕಿಕೊಳ್ಳುತ್ತಿರಲಿಲ್ಲ ಅನಿಸಿತು.

“ಊರಿಗೆ ಉಪಕಾರಿ, ಮನೆಗೆ ಮಾರಿ” ಎಂಬ ಗಾದೆ ಹೇಳಿ ಈ ಚಕ್ರವರ್ತಿಯ ಮಾತು ಮುಗಿಸಬಹುದಿತ್ತು. ಆದರೆ ನನಗೆ ಮನಸ್ಸಿಲ್ಲ. ಊರಿಗೆ ಮಾಡಿದ ಉಪಕಾರ ನಿಜವಾದದ್ದು. ಆ ಸಂಘಟನೆಯೇ 2002ರಲ್ಲಿ ಆಫ್ರಿಕ ಒಕ್ಕೂಟವಾಯಿತು. 2019ರಲ್ಲಿ ಅದರ ಕಚೇರಿಯ ಅಂಗಳದಲ್ಲಿ ಹೈಲೆ ಸೆಲಾಸಿಯ ಪ್ರತಿಮೆ ನಿಲ್ಲಿಸಿದರು. ಹೊಸ ಒಕ್ಕೂಟದ ನಿಯಮದಲ್ಲಿ ಒಂದು ಬದಲಾವಣೆಯೂ ಇದೆ: ಜನಾಂಗದ ಕೊಲೆ, ಯುದ್ಧಾಪರಾಧದಂಥದ್ದು ನಡೆದರೆ ಒಳಗೆ ಬರುವ ಹಕ್ಕು ಒಕ್ಕೂಟಕ್ಕಿದೆ. ಅಂದರೆ ಒಳಮನೆಯ ಬಾಗಿಲು ತಟ್ಟಬಹುದೆಂದು ಕಾಗದದ ಮೇಲಾದರೂ ಒಪ್ಪಿದ್ದಾರೆ. ಆದರೆ 2020ರ ನವೆಂಬರಿನಲ್ಲಿ ಇಥಿಯೋಪಿಯದ ಟಿಗ್ರಾಯ್‌ನಲ್ಲೇ ಯುದ್ಧ ಹತ್ತಿ ಹೆಂಗಸರ ಮೇಲೆ ಘೋರ ಅತ್ಯಾಚಾರಗಳು ನಡೆದವು. ಒಕ್ಕೂಟದ ಮಧ್ಯಸ್ಥಿಕೆಯಲ್ಲಿ ಪ್ರಿಟೋರಿಯದಲ್ಲಿ ಒಪ್ಪಂದವಾದದ್ದು 2022ರ ನವೆಂಬರ್ 2ರಂದು. ಬಾಗಿಲು ತಟ್ಟಿದರು, ನಿಜ. ಎರಡು ವರ್ಷವಾಗಿತ್ತು.

ಅಜ್ಜ ತೀರಿಕೊಂಡಾಗ ಊರಿಗೆ ಊರೇ ನೆರೆದಿತ್ತು. ಕೆಳಗಿನ ಮನೆಯವಳೂ ಬಂದು ಅಂಗಳದ ತುದಿಯಲ್ಲಿ ನಿಂತಿದ್ದಳು. ಅಜ್ಜಿ ಎದ್ದು ಹೋಗಿ ಅವಳನ್ನು ಕೈಹಿಡಿದು ಒಳಗೆ ಕರೆತಂದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಆ ದಿನ ಅದನ್ನು ಯಾರೂ ಬೇಡವೆನ್ನಲಿಲ್ಲ.